ಬೂರಲ ಗಿಡದ ಜೇನು ಎಣಿಸಲು ಹೋದದ್ದು

ನಿವೃತ್ತಿಯಾಗುವವರೆಗೆ ನಾನು ಒಂದು ವಿಮಾ ಕಂಪನಿಯಲ್ಲಿ ಜಾನುವಾರು ಕ್ಲೇಮುಗಳನ್ನು ನೋಡಿಕೊಳ್ಳುತ್ತಿದ್ದೆ. ಯಾವುದೋ ಹಳ್ಳಿಯಲ್ಲಿ ಎಮ್ಮೆ ಸತ್ತಿದೆ ಎಂದು ಸುದ್ದಿ ಬಂದರೆ ಬಸ್ಸು ಹತ್ತಿ ಹೋಗಿ, ಸತ್ತದ್ದು ವಿಮೆ ಮಾಡಿಸಿದ ಎಮ್ಮೆಯೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವುದು ನನ್ನ ಕೆಲಸ. ವಿಮೆ ಮಾಡಿಸಿದ ದನದ ಕಿವಿಗೆ ಒಂದು ಬಿಲ್ಲೆ ಚುಚ್ಚಿರುತ್ತಾರೆ. ಆ ಬಿಲ್ಲೆಯನ್ನು ಒಂದರ ಕಿವಿಯಿಂದ ಕಿತ್ತು ಇನ್ನೊಂದರ ಕಿವಿಗೆ ಸಿಕ್ಕಿಸುವ ಜಾಣರನ್ನು ನೋಡಿದ್ದೇನೆ. ಖರೇ ಖರೇ ಎಮ್ಮೆ ಕಳೆದುಕೊಂಡು ಗೋದಲಿಯ ಮುಂದೆ ಅಳುತ್ತ ಕೂತವರನ್ನೂ ನೋಡಿದ್ದೇನೆ. ಇಬ್ಬರ ಅಳುವೂ ಒಂದೇ ಥರ ಕೇಳಿಸುತ್ತದೆ. ಅಂಥ ಕೆಲಸದಲ್ಲಿ ಅಷ್ಟು ವರ್ಷ ಕಳೆದ ಮೇಲೆ ಸಂಶಯಪಡುವುದಕ್ಕೆ ಬೇರೆ ಪ್ರಯತ್ನವೇ ಬೇಕಾಗುವುದಿಲ್ಲ. "ಯಾರರ ಹೊಸಬರು ಮನಿಗೆ ಬಂದ್ರ ನೀ ಮೊದಲ ಅವರ ಕಿವಿ ನೋಡ್ತಿ" ಎಂದು ನಮ್ಮ ಮನೆಯವರು ನಗುತ್ತಿದ್ದರು.

ಜೇನಿನ ಸಹವಾಸ ಬಂದದ್ದೂ ಸಂಶಯದಿಂದಲೇ. ಬೆಳಗಾವಿಯ ರಾಮತೀರ್ಥ ನಗರದಲ್ಲಿ ನಮ್ಮ ಮನೆಯ ಎದುರಿನ ಕಟ್ಟಡದ ನೀರಿನ ಟಾಕಿಗೆ ಒಂದು ಚಳಿಗಾಲ ಹೆಜ್ಜೇನು ಬಂದು ಕೂತಿತು. ಮೊರದಷ್ಟು ಅಗಲದ ಕಪ್ಪು ತಟ್ಟಿ, ಗಾಳಿ ಬೀಸಿದಾಗ ಅದರ ಮೈಮೇಲೆ ಅಲೆ ಎದ್ದ ಹಾಗೆ ಹೊಳೆಯುತ್ತಿತ್ತು. ಓಣಿಯವರೆಲ್ಲ ಸೇರಿ ಔಷಧ ಹೊಡೆಯುವವನನ್ನು ಕರೆಸಿದರು. ಅವನು ಪಂಪು ಹೊತ್ತು ಬಂದ ದಿನವೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದ ಒಬ್ಬ ಹಿರಿಯರು ಸ್ಕೂಟರಿನಲ್ಲಿ ಬಂದಿಳಿದರು. ತಲೆಗೆ ಬಟ್ಟೆಯ ಟೊಪ್ಪಿಗೆ, ಒಂದು ಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಯಾರೋ ಅವರಿಗೆ ಫೋನು ಮಾಡಿದ್ದರಂತೆ. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಸರ್ ನಮ್ಮ ಗೇಟಿನ ಮುಂದೆ ನಿಂತು ಓಣಿಯವರಿಗೆ ಹೇಳಿದರು: "ಇವು ಇಲ್ಲೇ ಸಂಸಾರ ಹೂಡಾಕ ಬಂದಿಲ್ರಿ. ಮಳಿಗಾಲಕ್ಕ ಮುಂಚೆ ತಾವ ಹೋಗತಾವ. ಅಲ್ಲೀತನಾ ಟಾಕಿ ಕಡೆ ಯಾರೂ ಹೋಗಬ್ಯಾಡ್ರಿ, ಹೊಗಿ ಹಾಕಬ್ಯಾಡ್ರಿ, ಕಲ್ಲ ಒಗೀಬ್ಯಾಡ್ರಿ. ದಿನಾ ಸಂಜೀಕ ನಾನ ಬಂದು ನೋಡ್ತೀನಿ."

ದಿನಾ ಬರುತ್ತೇನೆ, ದುಡ್ಡು ಬೇಡ, ಜೇನುತುಪ್ಪವೂ ಬೇಡ. ಸಂಶಯಕ್ಕೆ ಇಷ್ಟು ಸಾಕಾಯಿತು ನನಗೆ.

"ಇದರಾಗ ನಿಮಗೇನ ಸಿಗತೈತ್ರಿ ಸರ್?" ಎಂದು ನೇರವಾಗಿ ಕೇಳಿದೆ.

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಹೇಳಿದ್ರ ನೀವು ನಂಬೂದಿಲ್ಲ. ಆಯ್ತವಾರ ನಮ್ಮ ಜೋಡಿ ಖಾನಾಪುರಕ್ಕ ಬರ್ರಿ, ನೀವ ನೋಡ್ರಿ."

ನೋಡಲೆಂದೇ ಹೋದೆ. ಸ್ವಯಂಸೇವಕಿಯಾಗಬೇಕೆಂದಲ್ಲ, ಈ ಮನುಷ್ಯ ಏನು ಮಾರುತ್ತಾನೆ ಎಂದು ಪತ್ತೆ ಹಚ್ಚಲು.

ಅವರ ಗುಂಪಿನಲ್ಲಿ ನನ್ನಂಥ ನಿವೃತ್ತರು, ಕಾಲೇಜು ಹುಡುಗಿಯರು, ಆಫೀಸಿನಲ್ಲಿ ದುಡಿಯುವವರು ಇದ್ದರು. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಅಡ್ಡಾಡಿ, ಎಲ್ಲೆಲ್ಲಿ ಜೇನುಗೂಡು ಇದೆ ಎಂದು ನೋಡಿ, ಫೋಟೋ ತೆಗೆದು, ಜಾಗವನ್ನು ಫೋನಿನ ಆಪಿನಲ್ಲಿ ಗುರುತು ಹಾಕುವುದು ಅವರ ಕೆಲಸ. ಮತ್ತೆ ಮತ್ತೆ ಅದೇ ಗಿಡಗಳಿಗೆ ಹೋಗಿ ಗೂಡು ಇದೆಯೋ, ಯಾರಾದರೂ ಸುಟ್ಟರೋ ಎಂದು ನೋಡಬೇಕು. ಇಷ್ಟು ದೊಡ್ಡ ಕಾಡಿನಲ್ಲಿ ಜೇನು ಹೆಚ್ಚುತ್ತಿವೆಯೋ ಕಮ್ಮಿಯಾಗುತ್ತಿವೆಯೋ ಯಾರಿಗೂ ಗೊತ್ತಿಲ್ಲ, ಸಾಮಾನ್ಯ ಮಂದಿ ಕಣ್ಣು ಕೊಟ್ಟರೆ ಮಾತ್ರ ಗೊತ್ತಾಗುತ್ತದೆ ಎಂದು ಸರ್ ಹೇಳುತ್ತಿದ್ದರು. ಕೆಲವು ಆಯ್ತವಾರ ಅವರ ಹಿಂದೆ ಅಡ್ಡಾಡಿದೆ. ಅವರು ಏನನ್ನೂ ಮಾರುತ್ತಿರಲಿಲ್ಲ. ಮೊಣಕಾಲು ನೋವಿನಲ್ಲೂ ಏರು ಹತ್ತುತ್ತಿದ್ದರು, ಗೂಡು ಕಂಡರೆ ಸುಮ್ಮನೆ ನಿಂತು ನೋಡುತ್ತಿದ್ದರು. ಅವರ ಮೇಲಿನ ಸಂಶಯ ಹೀಗೆ ತಾನಾಗಿ ಕರಗಿತು. ನಾನು ಮಾತ್ರ ಗುಂಪಿನಲ್ಲಿ ಉಳಿದೆ. ಮೇಲೆ ನೋಡುತ್ತ ನಡೆಯುವುದು ನನಗೆ ಹೊಸದು. ಆಯುಷ್ಯವೆಲ್ಲ ನೆಲದ ಮೇಲೆ ಬಿದ್ದದ್ದನ್ನೇ ನೋಡಿದವಳು ನಾನು.

ನಮಗೆ ಸಿಕ್ಕ ದೊಡ್ಡ ಜಾಗ ಒಂದು ಬೂರಲ ಗಿಡ, ಅಂದರೆ ಬೂರುಗದ ಮರ. ಖಾನಾಪುರ ದಾಟಿ ಲೋಂಡಾ ರಸ್ತೆಯಲ್ಲಿ ಹೋದರೆ ಒಂದು ಸಣ್ಣ ಹಳ್ಳಿಗೆ ಹೊರಳುವ ತಿರುವು ಬರುತ್ತದೆ. ಆ ತಿರುವಿನಲ್ಲೇ, ಹಳ್ಳದ ಬಾಜೂಕ, ಒಂದು ಹೊಲದ ಗಡಿಯ ಬಾಂದದ ಮೇಲೆ ಅದು ನಿಂತಿದೆ. ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಅದರ ಕೊಂಬೆಗಳ ತುಂಬ ಹೆಜ್ಜೇನು ಬಂದು ತೂಗುತ್ತವೆ. ಒಂದಲ್ಲ ಎರಡಲ್ಲ, ಕರೀ ಕಂಬಳಿ ಒಣಹಾಕಿದ ಹಾಗೆ ಸಾಲಿಗೆ ಸಾಲು. ಕೆಳಗೆ ನಿಂತರೆ ಗುಂಯ್ ಎನ್ನುವ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಆ ಹೊಲ ನನ್ನ ವಯಸ್ಸಿನ ಒಬ್ಬ ಹೆಣ್ಣುಮಗಳದು. ಗಂಡ ತೀರಿಕೊಂಡ ಮೇಲೆ ಹೊಲವನ್ನು ಮೈದುನನ ಜೊತೆ ಪಾಲು ಮಾಡಿಕೊಂಡು, ನಾಲ್ಕು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದಳು. ಮರಾಠಿ ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಊರವರೆಲ್ಲ ಅವಳನ್ನು ಮರಾಠಿಯ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮೊದಲ ಸಲ ಹೋದಾಗ ಅವಳು ಕೊಟ್ಟಿಗೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ನಾವು ಗಿಡದ ಫೋಟೋ ತೆಗೆಯುವುದನ್ನು ನೋಡುತ್ತಿದ್ದಳು. ಅವಳ ಹಿಂದೆ ಎಮ್ಮೆ ನಿಂತಿತ್ತು. ಹಳೆಯ ರೂಢಿ, ನನ್ನ ಕಣ್ಣು ತಾನಾಗಿ ಅದರ ಕಿವಿಗೆ ಹೋಯಿತು.

"ಎಮ್ಮಿ ಕಿವಿ ಯಾಕ ನೋಡಾಕತ್ತೀರಿ ಬಾಯಾರ?" ಎಂದಳು ಕಾಕು. "ಜೇನು ಕಿವ್ಯಾಗ ಗೂಡು ಕಟ್ಟತಾವೇನು?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನಾನು ಮೊದಲು ಏನು ಕೆಲಸ ಮಾಡುತ್ತಿದ್ದೆ ಎಂದು ಹೇಳಿದೆ. ಹೇಳಿದ್ದೇ ತಪ್ಪಾಯಿತು.

"ಅಂದ್ರ ನೀವು ಸರಕಾರದ ಮಂದಿ."

"ಅಲ್ರೀ, ರಿಟೈರ್ ಆಗೀನಿ. ಜೇನು ಎಣಿಸಾಕ ಬಂದೀವಿ."

"ಜೇನು ಎಣಿಸಾಕ ಬಂದೀರೋ, ಮನಿ ಎಣಿಸಾಕ ಬಂದೀರೋ?"

ಅವಳ ಮಾತಿಗೆ ಕಾರಣವಿತ್ತು. ಇನ್ನೂ ಒಳಗಿನ ಕಾಡಿನ ಹಳ್ಳಿಗಳಿಗೆ ಹೀಗೇ ಮಂದಿ ಬಂದು ಹೋದ ಮೇಲೆ, ಜಾಗ ಬಿಟ್ಟು ಹೊರಗೆ ಬರ್ರಿ ಎನ್ನುವ ಮಾತು ಶುರುವಾಗಿತ್ತು. ಮೊದಲು ಹುಲಿ ಎಣಿಸಲು ಬರುತ್ತಾರೆ, ಆಮೇಲೆ ಗಿಡ ಎಣಿಸುತ್ತಾರೆ, ಕಡೆಗೆ ಮನೆ ಎಣಿಸುತ್ತಾರೆ ಎನ್ನುವುದು ಆ ಕಡೆಯ ಮಂದಿಯ ಅನುಭವ. ಸರ್ ಎಷ್ಟೇ ತಿಳಿಸಿ ಹೇಳಿದರೂ ಕಾಕು ಕೇಳಿಸಿಕೊಂಡು ಸುಮ್ಮನಾಗುತ್ತಿದ್ದಳು. ಒಪ್ಪಿದಳೆಂದು ಅದರ ಅರ್ಥವಲ್ಲ. ಅಂಥ ಮೌನ ನನಗೆ ಗೊತ್ತು. ನನ್ನ ಮುಂದೆ ಯಾರಾದರೂ ಸತ್ತ ಎಮ್ಮೆಯ ಕಥೆ ಹೇಳುವಾಗ ನಾನೂ ಹಾಗೇ ಸುಮ್ಮನಿರುತ್ತಿದ್ದೆ.

ಕಾಕುವಿನ ಮನೆಯಲ್ಲಿ ಸಲೀಸಾಗಿ ಒಳಗೆ ಹೋಗಿ ಕುಳಿತುಕೊಳ್ಳುತ್ತಿದ್ದವರು ನಮ್ಮ ಗುಂಪಿನಲ್ಲಿ ಒಬ್ಬರೇ. ಪೀರನವಾಡಿಯ ಕಡೆಯವರು, ನಲವತ್ತು ದಾಟಿದ ವಯಸ್ಸು, ಗೇಟು ಗ್ರಿಲ್ಲು ಮಾಡುವ ವರ್ಕ್‌ಶಾಪು ಇದೆ ಎನ್ನುತ್ತಿದ್ದರು. ನಮ್ಮನ್ನೆಲ್ಲ ತಮ್ಮ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಆ ಜೀಪು ಇಲ್ಲದಿದ್ದರೆ ನಾವು ಆ ಹಳ್ಳಿಗಳನ್ನು ಮುಟ್ಟುತ್ತಲೇ ಇರಲಿಲ್ಲ. ಬರುವಾಗ ಎರಡು ಪೊಟ್ಟಣ ಚಿವಡಾ ತರುತ್ತಿದ್ದರು, ಒಂದು ನಮಗೆ, ಒಂದು ಕಾಕುವಿಗೆ. ಅವಳ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದರು, ಎಮ್ಮೆಯ ಮೈ ತಟ್ಟುತ್ತಿದ್ದರು, ಮೈದುನನ ಹೆಗಲ ಮೇಲೆ ಕೈ ಹಾಕುತ್ತಿದ್ದರು. ನನ್ನನ್ನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನುತ್ತಿದ್ದರು.

ಅವರ ಮೇಲೆ ನನಗೆ ಸಂಶಯ ಹುಟ್ಟಿದ್ದು ಅತ್ತರಿನಿಂದ. ಜೇನಿದ್ದಲ್ಲಿ ಘಾಟು ವಾಸನೆ ಹಚ್ಚಿಕೊಂಡು ಹೋಗಬಾರದು, ಅವು ಕೆರಳುತ್ತವೆ ಎಂದು ಸರ್ ಮೊದಲ ದಿನವೇ ಎಲ್ಲರಿಗೂ ಹೇಳುತ್ತಿದ್ದರು. ಈ ಮನುಷ್ಯ ಪ್ರತಿ ಆಯ್ತವಾರ ಘಮಘಮಿಸುತ್ತ ಬರುತ್ತಿದ್ದರು. ಹೇಳಿದಾಗೊಮ್ಮೆ ನಾಲಿಗೆ ಕಚ್ಚಿಕೊಂಡು, "ಚುಕೀ ಝಾಲೀ, ಸರ್!" ಎಂದು ಕಿವಿ ಹಿಡಿದುಕೊಳ್ಳುತ್ತಿದ್ದರು. ಮುಂದಿನ ವಾರ ಮತ್ತೆ ಅದೇ ಅತ್ತರು. ಮರೆವಲ್ಲ ಅದು. ಗಿಡದ ಹತ್ತಿರ ಹೋಗುವ ಉದ್ದೇಶವೇ ಇಲ್ಲದವನಿಗೆ ವಾಸನೆಯ ಚಿಂತೆ ಯಾಕಿರಬೇಕು?

ಆಮೇಲೆ ಗಮನವಿಟ್ಟು ನೋಡತೊಡಗಿದೆ. ನಾವೆಲ್ಲ ತಲೆ ಎತ್ತಿ ಮೇಲೆ ನೋಡುವಾಗ ಅವರು ಅಡ್ಡ ನೋಡುತ್ತಿದ್ದರು. ಹಳ್ಳದಲ್ಲಿ ಬೇಸಿಗೆಗೂ ನೀರು ನಿಲ್ಲುತ್ತದೆಯೇ ಎಂದು ಕೇಳುತ್ತಿದ್ದರು. ಬಾಂದ ಎಲ್ಲಿಯ ತನಕ, ಉತಾರದಲ್ಲಿ ಯಾರ ಹೆಸರಿದೆ ಎಂದು ಮಾತಿನ ನಡುವೆ ನಯವಾಗಿ ಸೇರಿಸುತ್ತಿದ್ದರು. ಹೊಲದ ಹಕ್ಕಿನ ಕಾಗದ ಯಾರ ಹೆಸರಿಗಿದ್ದರೆ ಜೇನಿಗೇನು? ಸತ್ತ ಎಮ್ಮೆಯ ಫೋಟೋ ಬಂದರೆ ಎಮ್ಮೆಯನ್ನಲ್ಲ, ಅದರ ಹಿಂದಿನ ಗೋಡೆಯನ್ನು ನೋಡಬೇಕು ಎಂದು ನನಗೆ ಕಲಿಸಿದ ಮೇಲಧಿಕಾರಿಯೊಬ್ಬರಿದ್ದರು. ಜೀಪಿನವರು ಗುಂಪಿಗೆ ಕಳಿಸುತ್ತಿದ್ದ ಫೋಟೋಗಳನ್ನು ಹಾಗೇ ನೋಡಿದೆ. ಗೂಡು ಯಾವಾಗಲೂ ಮೂಲೆಯಲ್ಲಿ. ನಡುವೆ ಹಳ್ಳ, ಡಾಂಬರು ರಸ್ತೆ, ಹಸಿರು ಇಳಿಜಾರು.

ಮನೆಯಲ್ಲಿ ಹೇಳಿದೆ. "ನಿನಗ ರಿಟೈರ್‌ಮೆಂಟ್ ಆಗಿಲ್ಲ ಬಿಡು" ಎಂದರು ನಮ್ಮ ಮನೆಯವರು. "ಅಂವ ಪೆಟ್ರೋಲ್ ಸುಟ್ಟು ನಿಮ್ಮನ್ನ ಅಡ್ಡಾಡಿಸಾಕತ್ತಾನ. ನೀ ಅವನ ಫೋಟೋದಾಗ ತಪ್ಪು ಹುಡುಕಾಕತ್ತಿ."

"ಅದ ನಾನೂ ಕೇಳೂದು. ಯಾಕ ಸುಡತಾನ?"

ಉತ್ತರ ಸಿಕ್ಕಿದ್ದು ಶಿವರಾತ್ರಿ ಕಳೆದ ಮೇಲೆ, ನಡುವಾರದ ಒಂದು ದಿನ. ಲೋಂಡಾದಲ್ಲಿ ನನ್ನ ತಂಗಿಯ ಮಗಳ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಅವಳ ಗಂಡ ರೈಲ್ವೆಯಲ್ಲಿದ್ದಾನೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಆ ತಿರುವು ಬಂದಾಗ ಬೂರಲ ಗಿಡದ ಕಡೆ ನೋಡಿದೆ. ಎಲೆಯೆಲ್ಲ ಉದುರಿ, ಕೆಂಪು ಹೂವು ಬಿಟ್ಟು, ನಡುವೆ ಕರೀ ಗೂಡುಗಳು ತೂಗುತ್ತಿದ್ದವು. ಕೆಳಗೆ ಆ ಜೀಪು ನಿಂತಿತ್ತು. ಅದರ ಹಿಂದೆ ಗೋವಾ ನಂಬರಿನ ಬಿಳಿ ಕಾರು.

"ಇಲ್ಲೇ ನಿಂದರಸ್ರಿ" ಎಂದೆ ಕಂಡಕ್ಟರನಿಗೆ.

"ಲೋಂಡಾಕ್ಕ ಟಿಕೀಟ ತಗೊಂಡೀರಲ್ರಿ ಬಾಯಾರ."

"ತಗೊಂಡೀನಿ. ಇಲ್ಲೆ ಇಳೀತೀನಿ."

ತೊಟ್ಟಿಲಿಗೆಂದು ತಂದ ಸೀರೆ, ಕುಬಸದ ಚೀಲ ಕೈಯಲ್ಲಿ ಹಿಡಿದು ಹೊಲದ ದಾರಿಯಲ್ಲಿ ನಡೆದೆ. ಜೀಪಿನವರು ಗಿಡದಿಂದ ದೂರ, ಹಳ್ಳದ ದಂಡೆಯ ಮೇಲೆ, ಕಪ್ಪು ಕನ್ನಡಕದ ಇಬ್ಬರಿಗೆ ಕೈ ಚಾಚಿ ಏನೋ ತೋರಿಸುತ್ತಿದ್ದರು. ನನ್ನನ್ನು ಕಂಡು ಒಂದು ಗಳಿಗೆಯೂ ಗಲಿಬಿಲಿಯಾಗಲಿಲ್ಲ.

"ಅರೆ, ವೈನಿ! ಬರ್ರಿ ಬರ್ರಿ. ಇವರು ನಮ್ಮ ಪೈಕಿಯವರು. ಜೇನು ಅಂದ್ರ ಭಾಳ ಪ್ರೀತಿ ಅವರಿಗೆ."

ಪ್ರೀತಿ ಇದ್ದವರಲ್ಲಿ ಒಬ್ಬ ಗಿಡದ ಕಡೆ ಬೆರಳು ತೋರಿಸಿ ಹಿಂದಿಯಲ್ಲಿ ಕೇಳಿದ: ಅದನ್ನೆಲ್ಲ ತೆಗೆಸಬಹುದಲ್ಲವೇ, ರೆಸಾರ್ಟಿನ ರೂಮುಗಳು ಆ ಕಡೆಗೇ ಬರುತ್ತವೆ, ಬಂದ ಮಂದಿ ಹೆದರುತ್ತಾರೆ.

"ಅದೇನು ದೊಡ್ಡ ಮಾತು" ಎಂದು ಜೀಪಿನವರು ಹಿಂದಿಯಲ್ಲೇ ಅಂದರು. "ಒಂದು ಸಲ ಹೊಗೆ ಹಾಕಿದರೆ ಮುಗಿಯಿತು."

ನಾನು ಹಿಂದಿ ಬಾರದವಳ ಹಾಗೆ ನಿಂತೆ. ಅದೂ ಕೆಲಸದಲ್ಲಿ ಕಲಿತ ವಿದ್ಯೆಯೇ. ಅವರು ನನ್ನನ್ನು ಲೋಂಡಾಕ್ಕೆ ಬಿಡುತ್ತೇನೆಂದರು, ಬೇಡವೆಂದೆ. ರಸ್ತೆಗೆ ಬಂದು ಮುಂದಿನ ಬಸ್ಸು ಹಿಡಿದೆ. ತೊಟ್ಟಿಲ ಕಾರ್ಯದಲ್ಲಿ ಏನು ಹಾಡಿದರು, ಮಗುವಿಗೆ ಏನು ಹೆಸರಿಟ್ಟರು, ಒಂದೂ ನನ್ನ ತಲೆಗೆ ಹೋಗಲಿಲ್ಲ.

ಮರುದಿನ ಸರ್ ಮನೆಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟರು.

"ಅವರು ಜಾಗಾ ತೋರಸೂ ಧಂದೆ ಮಾಡತಾರ ಅಂತ ಇಟಗೊಳ್ರಿ. ಅದೇನ ಗುನ್ಹೇನ್ರಿ?"

"ನಾವು ಗುರುತು ಹಾಕಿದ ಜಾಗಾನ ತೋರಸಾಕತ್ತಾರ, ಸರ್. ನಮ್ಮ ಜೋಡಿ ಬಂದು ನೋಡಿದ್ದು."

"ನೀವು ಎಲ್ಲಾರನ್ನೂ ಸಂಶಯದ ಕಣ್ಣಿಲೆ ನೋಡ್ತೀರಿ. ಮೊದಲ ನನ್ನ ಮ್ಯಾಲೂ ಸಂಶಯ ಇತ್ತಲ್ಲ ನಿಮಗ?"

"ಇತ್ತು."

"ಅದು ಸುಳ್ಳಾತಲ್ಲ? ಇದೂ ಹಂಗ ಆಗಬಹುದು. ಅವರನ್ನ ನಾ ಕೇಳ್ತೀನಿ. ಅಲ್ಲೀತನಾ ಯಾರ ಮುಂದೂ ಹೇಳಬ್ಯಾಡ್ರಿ."

ಅವರು ಕೇಳಿದರೋ ಇಲ್ಲವೋ, ಕೇಳಿದರೆ ಆತ ಏನು ಹೇಳಿ ಸಮಾಧಾನ ಮಾಡಿದರೋ ನನಗೆ ಗೊತ್ತಾಗಲಿಲ್ಲ. ಮುಂದಿನ ಆಯ್ತವಾರವೂ ಜೀಪು ಬಂತು, ಚಿವಡಾ ಬಂತು. ಆ ವಾರ ಬೇರೆ ಹಳ್ಳಿಗೆ ಹೋದೆವು. ಸರ್ ಮುಂದಿನ ಸೀಟಿನಲ್ಲಿ ಕೂತು ಜೀಪಿನವರ ಜೊತೆ ನಗುನಗುತ್ತ ಮಾತಾಡುತ್ತಿದ್ದರು. ಹಿಂದೆ ಕೂತ ನನಗೆ, ಈ ಇಬ್ಬರೂ ಸೇರಿಯೇ ಇದ್ದಾರೇನೋ ಎನ್ನುವ ಯೋಚನೆ ಬಂತು. ಕರಗಿದ್ದ ಸಂಶಯ ಮತ್ತೆ ಹೆಪ್ಪುಗಟ್ಟಿತು. ಜೀಪಿನಲ್ಲಿ ತುಂಬಿದ ಅತ್ತರಿನ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದೆ.

ಯುಗಾದಿಯ ಆಸುಪಾಸಿನಲ್ಲಿ ಮತ್ತೆ ಕಾಕುವಿನ ಊರಿಗೆ ಹೋದೆವು. ತಿರುವಿನಲ್ಲೇ ದಾರಿಗೆ ಅಡ್ಡವಾಗಿ ಒಂದು ಬಂಡಿ ನಿಲ್ಲಿಸಿದ್ದರು. ಅದರ ಮುಂದೆ ಊರಿನ ಹತ್ತಿಪ್ಪತ್ತು ಮಂದಿ, ನಡುವೆ ಕಾಕು. ನಾವು ಇಳಿದೆವು.

"ಎಲ್ಲಾರ ಫೋನೂ ತಗೀರಿ" ಎಂದಳು ಕಾಕು.

ಸರ್ ಏನಾಯಿತೆಂದು ಕೇಳಿದರು. ಅವಳ ಮೈದುನ ತಲೆ ತಗ್ಗಿಸಿ ನಿಂತಿದ್ದ. ಕಾಕುವೇ ಹೇಳಿದಳು. ಮೂರನೆಯವನೊಬ್ಬ ಬಂದು ಮೈದುನನಿಗೆ ಹೊಲ ಕೊಡು ಎಂದು ಗಂಟುಬಿದ್ದಿದ್ದಾನೆ. ಜೇನು ಎಣಿಸಲು ಬರುವ ಬೆಳಗಾವಿಯವರು ಜಾಗ ನೋಡಿ ಪಸಂದ ಮಾಡಿದ್ದಾರೆ, ನಿನ್ನ ಅತ್ತಿಗೆಯ ಪಾಲನ್ನೂ ಕೊಡಿಸು ಎಂದಿದ್ದಾನೆ.

"ಇವರ" ಎಂದು ಅವಳು ನನ್ನ ಕಡೆ ಕೈ ಮಾಡಿದಳು. "ಮೊದಲ ದಿನದಿಂದ ನಾ ಹೇಳಾಕತ್ತೀನಿ. ಎಮ್ಮಿ ಕಿವಿ ನೋಡೂದು, ಎಲ್ಲಾ ಬರಕೊಳ್ಳೂದು. ನಡುವಾರದಾಗ ಒಬ್ಬಾಕಿನ ಬಂದು ಗೋವಾದವರ ಜೋಡಿ ಹಳ್ಳದ ದಂಡಿಗೆ ನಿಂತಿದ್ರು, ಜೀಪಿನವರು ಬರೇ ದಾರಿ ತೋರಸಾಕ ಬಂದಿದ್ರಂತ. ನಮ್ಮ ಓಣಿ ಹುಡುಗಿ ಕಣ್ಣಾರೆ ನೋಡ್ಯಾಳ. ಸುಳ್ಳ ಅಂತ ಹೇಳ್ರಿ ನೋಡೂಣು."

ಸುಳ್ಳು ಹೇಗೆ ಹೇಳಲಿ? ನಿಂತಿದ್ದೆ. ನನ್ನ ಮುಂದೆ ಕೈಕಟ್ಟಿ ನಿಂತು, ನಮ್ಮದೇ ಎಮ್ಮೆ ಬಾಯಾರ, ಎಂದು ಮತ್ತೆ ಮತ್ತೆ ಹೇಳುತ್ತಿದ್ದವರು ಹೇಗೆ ಕಂಗಾಲಾಗಿರಬೇಕೆಂದು ಆವತ್ತು ತಿಳಿಯಿತು. ಸತ್ಯ ಹೇಳುವವರಿಗೂ ಹೇಳುವಾಗ ತೊದಲುತ್ತದೆ.

ಅಷ್ಟರಲ್ಲಿ ಜೀಪಿನವರು ಮುಂದೆ ಬಂದು ಕಾಕುವಿಗೆ ಕೈಮುಗಿದರು. "ಕಾಕು, ಬ್ಯಾಡ. ವೈನಿ ಒಳ್ಳೇವರದಾರ. ಏನೋ ತಿಳೀದ ಮಾಡ್ಯಾರ. ಅವರ ಪರವಾಗಿ ನಾ ಮಾಫಿ ಕೇಳ್ತೀನಿ. ಬಿಟ್ಟುಬಿಡ್ರಿ."

ಆ ಮಾತಿನಲ್ಲಿದ್ದ ದಯೆ ನೋಡಿ ಊರವರೆಲ್ಲ ಅವರ ಕಡೆಗೆ ತಲೆಯಾಡಿಸಿದರು. ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ನಾಲಿಗೆ ಬಂತು.

"ಕಾಕು, ನನ್ನ ಆಮ್ಯಾಲ ಬೈರಿ. ಫೋನೂ ತಗೋರಿ" ಎಂದು ಅವಳ ಕೈಗೆ ಕೊಟ್ಟೆ. ಆಮೇಲೆ ಜೀಪಿನವರ ಕಡೆ ತಿರುಗಿದೆ. "ನಿಮ್ಮನ್ನ ಒಂದ ಮಾತ ಕೇಳ್ತೀನ್ರಿ. ಈ ಗಿಡದಾಗ ಇರೂವು ಎಂಥಾ ಜೇನ್ರಿ?"

ಅವರು ನಕ್ಕರು. "ಎಂಥಾ ಅಂದ್ರ? ಜೇನು, ವೈನಿ."

"ಹೆಸರ ಹೇಳ್ರಿ. ನಮ್ಮ ಜೋಡಿ ಇಷ್ಟ ದಿನ ಅಡ್ಡಾಡೀರಿ."

ಅವರು ಸರ್ ಮುಖ ನೋಡಿದರು. ಸರ್ ನೆಲ ನೋಡುತ್ತಿದ್ದರು. ಜೀಪಿನವರು ಗಿಡದ ಕಡೆ ಒಮ್ಮೆ ಕಣ್ಣು ಹಾಯಿಸಿ, ಕೇಳಿಸಿಕೊಂಡ ಹೆಸರುಗಳಲ್ಲಿ ಒಂದನ್ನು ಆರಿಸಿದರು. "ತುಡವಿ" ಎಂದರು.

ಹಿಂದೆ ನಿಂತ ಒಬ್ಬ ಮುದುಕಿ ಸೆರಗು ಬಾಯಿಗಿಟ್ಟುಕೊಂಡಳು. ತುಡವಿ ಜೇನು ಗಿಡದ ಪೊಟರೆಯೊಳಗೋ ಹುತ್ತದೊಳಗೋ ಕತ್ತಲೆಯಲ್ಲಿ ಗೂಡು ಕಟ್ಟುವಂಥದ್ದು. ಬಯಲಿನಲ್ಲಿ ಹೀಗೆ ಕಂಬಳಿಯ ಹಾಗೆ ಜೋತುಬೀಳುವುದು ಹೆಜ್ಜೇನು. ಆ ಊರಿನಲ್ಲಿ ಇದು ಕಾಗೆ ಗುಬ್ಬಿಯಷ್ಟೇ ಎಲ್ಲರಿಗೂ ಗೊತ್ತಿರುವ ಮಾತು. ನಮ್ಮ ಗುಂಪಿನಲ್ಲೂ ಮೊದಲ ದಿನ ಹೇಳಿಕೊಡುವ ಪಾಠ ಇದೇ.

ಕಾಕು ನಿಧಾನಕ್ಕೆ ಕೇಳಿದಳು: "ತುಡವಿ ಬಯಲಾಗ ಜೋತಬಿದ್ದದ್ದು ನೀವ್ ಎಲ್ಲಿ ನೋಡೀರಿ?"

"ಹೆಸರಿನ್ಯಾಗ ಏನೈತಿ ಕಾಕು..."

"ಜೇನು ನೋಡಾಕ ಬಂದಾವರು ಜೇನು ನೋಡಿಲ್ಲ. ಮತ್ತೇನ ನೋಡಿದ್ರಿ ಇಷ್ಟ ದಿನಾ? ನನ್ನ ಮನಿಯಾಗ ಕುಂತು ಚಹಾ ಕುಡದು, ನನ್ನ ಬಾಂದ ಯಾಕ ಕೇಳಿದ್ರಿ?"

ಮೈದುನ ಆಗ ಬಾಯಿಬಿಟ್ಟ. ಗಂಟುಬಿದ್ದ ಆ ಮೂರನೆಯವನನ್ನು ಮೊದಲು ಪರಿಚಯ ಮಾಡಿಕೊಟ್ಟವರೇ ಜೀಪಿನವರು. ಅತ್ತಿಗೆಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರಂತೆ. ಜೀಪಿನವರು ಇನ್ನು ನಗಲಿಲ್ಲ. ಧಂದೆ ಮಾಡುವುದು ಪಾಪವಲ್ಲ, ಒಳ್ಳೆಯ ಬೆಲೆ ಬರುತ್ತಿತ್ತು, ನಿಮ್ಮ ನಸೀಬು ಎಂದು ಗೊಣಗಿ ಜೀಪು ಹತ್ತಿ, ನಮ್ಮನ್ನು ಅಲ್ಲೇ ಬಿಟ್ಟು ಹೋದರು.

ನಾನು ಗೆದ್ದೆ ಎಂದುಕೊಂಡೆ. ಕಾಕು ನನ್ನ ಫೋನನ್ನು ವಾಪಸು ಕೊಡುತ್ತ, "ನಿಮಗ ಯಾವಾಗ ಗೊತ್ತಾತು?" ಎಂದಳು.

"ಆವತ್ತ. ಬಸ್ಸಿಳಿದು ಬಂದ ದಿನಾನ."

"ಮನಿ ಇಲ್ಲೇ ಐತಿ. ನನಗ ಯಾಕ ಬಂದು ಹೇಳಲಿಲ್ಲ?"

"ಸರ್‌ಗೆ ಹೇಳಿದ್ನಿ..."

"ಹೊಲ ಅವರದೋ ನಂದೋ?"

ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡೆ. "ನಡೀರಿ" ಎಂದಳು ಅವಳು ನಮಗೆಲ್ಲ ಸೇರಿಸಿ. "ಇನ್ನ ಯಾರೂ ಬರಬ್ಯಾಡ್ರಿ."

ರಸ್ತೆಯ ಬದಿಯಲ್ಲಿ ಬಿಸಿಲಿಗೆ ನಿಂತು ಬಸ್ಸು ಕಾದೆವು. ಹುಡುಗಿಯರು ಮೊಬೈಲು ನೋಡುತ್ತಿದ್ದರು. ಸರ್ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಮೊಣಕಾಲು ನೀವಿಕೊಳ್ಳುತ್ತ, "ಜೀಪ ಕೈ ತಪ್ಪತದ ಅಂತ ಅಂಜಿ ನಾ ಅವರನ್ನ ಕೇಳಲೇ ಇಲ್ರಿ" ಎಂದರು. ಅಷ್ಟೇ. ಅವರು ಆತನ ಜೊತೆ ಸೇರಿದವರಲ್ಲ ಎಂದು ಆಗ ಖಾತ್ರಿಯಾಯಿತು, ಆದರೆ ನನಗೆ ಸಂತೋಷವಾಗಲಿಲ್ಲ.

ಗುಂಪು ಅರ್ಧಕ್ಕೆ ಇಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಸರ್ ಮತ್ತೆ ಆ ಊರಿಗೆ ಹೋಗುತ್ತೇನೆಂದರು, ನಾನೂ ಹೊರಟೆ. ಬಸ್ಸಿನಲ್ಲೇ ಹೋದೆವು. ಕಾಕು ಒಳಗೆ ಕರೆಯಲಿಲ್ಲ, ಕಟ್ಟೆಯ ಮೇಲೆ ಕುಂದರ್ರಿ ಎಂದಳು. ಸರ್ ಬಂದ ಕಾರಣ ಹೇಳಿದರು: ನಿಮ್ಮ ಊರಿನ ಗೂಡುಗಳ ಗುರುತನ್ನೆಲ್ಲ ಆಪಿನಿಂದ ಅಳಿಸುತ್ತೇನೆ, ನಿಮ್ಮ ಕಣ್ಣ ಮುಂದೆಯೇ. ಅಳಿಸಿದರು. ಕಾಕು ಓದಿದ ಒಬ್ಬ ಹುಡುಗಿಯನ್ನು ಕರೆಸಿ ಫೋನು ಪರೀಕ್ಷೆ ಮಾಡಿಸಿದಳು. ಸಾಲದೆಂದು ಬಂದ್ ಮಾಡಿಸಿ ಮತ್ತೆ ತೆರೆಸಿದಳು.

"ಬ್ಯಾರೆ ಎಲ್ಲರ ಇಟ್ಟಿರಬಹುದು" ಎಂದಳು ಆಮೇಲೆ.

"ಇಟ್ಟಿಲ್ಲಂತ ನಾ ಹೆಂಗ ತೋರಸಲಿ ಕಾಕು?" ಎಂದರು ಸರ್.

ಅವಳು ಎಮ್ಮೆಗಳಿಗೆ ಹುಲ್ಲು ಹಾಕಿ ಬಂದಳು, ಚಹಾ ಇಟ್ಟಳು. ಕೊನೆಗೆ ಎದುರಿಗೆ ಕೂತು ಹೇಳಿದಳು: "ನೋಡ್ರಿ. ಆ ಗಿಡ ಸುಡಾಕ ನಾವು ಯಾರಿಗೂ ಬಿಡೂದಿಲ್ಲ. ನೀವು ಹೇಳೂಕ್ಕಿಂತ ಮುಂಚೇನೂ ಬಿಟ್ಟಿಲ್ಲ. ನಮ್ಮ ಹೆಣ್ಮಕ್ಕಳು ಎಮ್ಮಿ ಮೇಯಿಸಾಕ ಹೋದಾಗ ಎಲ್ಲಾ ಕಡೆ ನೋಡಿರತಾರ. ಎಷ್ಟ ಗೂಡು ಬಂದಾವ, ಎಷ್ಟ ಹೋದವು ಅಂತ ಫೋನ ಹಚ್ಚಿ ಹೇಳ್ತೀನಿ. ಎಷ್ಟ ಅಂತ ಹೇಳ್ತೀನಿ. ಎಲ್ಲಿ ಅಂತ ಹೇಳೂದಿಲ್ಲ."

ಜಾಗ ಇಲ್ಲದ ಲೆಕ್ಕವನ್ನು ಆಪು ನಡೆಸುವ ಮೇಲಿನವರು ಒಪ್ಪುವುದಿಲ್ಲ ಎಂದು ಸರ್ ಬಸ್ಸಿನಲ್ಲಿ ಬರುವಾಗ ನನ್ನ ಮುಂದೆ ಪೇಚಾಡಿದರು. ಅವಳು ಬಾಯಿಗೆ ಬಂದ ಸಂಖ್ಯೆ ಹೇಳಿದರೆ ನಮಗೆ ಹೇಗೆ ಗೊತ್ತಾಗಬೇಕು? ಆ ಪ್ರಶ್ನೆ ನನ್ನದೂ ಆಗಿತ್ತು. ಆದರೂ ಆ ಕೆಲಸ ನನ್ನ ಪಾಲಿಗೆ ಬಂತು, ಕಾಕು ಫೋನು ಮಾಡುತ್ತೇನೆಂದು ಒಪ್ಪಿದ್ದು ನನಗೆ ಮಾತ್ರ. ಯಾಕೆಂದು ಕೇಳಿದರೆ, "ನಿಮಗೂ ಯಾರ ಮ್ಯಾಲೂ ಭರೋಸಾ ಇಲ್ಲ, ಅದಕ್ಕ" ಎಂದಳು.

ಈಗ ಚಳಿ ಬಿದ್ದ ಮೇಲೆ ಅವಳ ಫೋನು ಬರುತ್ತದೆ. ಸಂಖ್ಯೆ ಹೇಳುತ್ತಾಳೆ, ಇಟ್ಟುಬಿಡುತ್ತಾಳೆ. ನಾನು ಮತ್ತೊಂದು ಪ್ರಶ್ನೆ ಕೇಳಿದರೆ, "ಯಾಕ ಕೇಳ್ತೀರಿ?" ಎನ್ನುತ್ತಾಳೆ. ಸರ್ ಆ ಸಂಖ್ಯೆಗಳ ಪಕ್ಕದಲ್ಲಿ, ಊರ ಹೆಣ್ಣುಮಕ್ಕಳು ಹೇಳಿದ್ದು ಎಂದು ಬರೆದು ಮೇಲಿನವರಿಗೆ ಕಳಿಸುತ್ತಾರೆ. ಸುತ್ತಲಿನ ಇನ್ನೂ ಒಂದೆರಡು ಊರಿನವರು ಇದೇ ಕರಾರಿಗೆ ಒಪ್ಪಿದ್ದಾರೆ. ಜೀಪಿನವರು ಬೆಳಗಾವಿಯ ಪೇಟೆಯಲ್ಲಿ ಆಗಾಗ ಎದುರಾಗುತ್ತಾರೆ. ಏನೂ ನಡೆದೇ ಇಲ್ಲದವರ ಹಾಗೆ, "ವೈನಿ, ಆರಾಮ?" ಎಂದು ಕೇಳುತ್ತಾರೆ. ಆರಾಮ ಎನ್ನುತ್ತೇನೆ, ಅವರ ಪಕ್ಕದಲ್ಲಿ ಯಾರಿದ್ದಾರೆಂದು ನೋಡುತ್ತೇನೆ.

ಮೈದುನ ತನ್ನ ಪಾಲನ್ನು ಕಡೆಗೂ ಮಾರಿಬಿಟ್ಟ. ಕೊಂಡವರು ಹಳ್ಳದ ಗುಂಟ ಸಿಮೆಂಟಿನ ಕಂಬ ಹುಗಿದು ತಂತಿ ಎಳೆದರು. ಬೂರಲ ಗಿಡ ಕಾಕುವಿನ ಕಡೆಗೇ ಉಳಿದಿದೆ, ತಂತಿಯಿಂದ ನಾಲ್ಕು ಹೆಜ್ಜೆ ಈಚೆಗೆ. ಕಳೆದ ಸಲ ಹೋದಾಗ ಅವಳು ನನ್ನನ್ನು ನೇರವಾಗಿ ಬೇಲಿಯ ಹತ್ತಿರ ಕರೆದುಕೊಂಡು ಹೋದಳು.

"ಈ ಕಂಬ ಈ ಕಡೆ ಸರದೈತಿ. ನಿಮಗೇನ ಅನಸ್ತದ?"

"ಸರದಿರಬಹುದು ಅನಸ್ತದ."

"ಅನಸೂದು ಬ್ಯಾಡ. ನೋಡಿ ಹೇಳ್ರಿ. ನಿಮ್ಮ ಕೆಲಸ ಅದ ಅಲ್ಲೇನು?"

ಇಬ್ಬರೂ ಮೊಣಕಾಲೂರಿ ಕೂತು ಕಂಬದ ಬುಡದ ಮಣ್ಣು ಕೆದರಿದೆವು. ತಲೆಯ ಮೇಲೆ ಗಿಡ ಗುಂಯ್‌ಗುಡುತ್ತಿತ್ತು, ಜೋರಾಗಿ ಮಾತಾಡುವ ಹಾಗಿರಲಿಲ್ಲ. ಬುಡದ ಸುತ್ತ ಹಳೆಯ ಗರಿಕೆ ಬೇರು ಬಿಟ್ಟಿತ್ತು, ಸಿಮೆಂಟಿಗೆ ಹತ್ತಿದ ಮಣ್ಣು ಗಟ್ಟಿಯಾಗಿತ್ತು. ಹೊಸದಾಗಿ ಅಗೆದ ಗುರುತು ಎಲ್ಲಿಯೂ ಇರಲಿಲ್ಲ.

"ಸರದಿಲ್ಲ ಕಾಕು" ಎಂದೆ.

ಅವಳು ಗರಿಕೆಯನ್ನು ಬೆರಳಿನಿಂದ ಎಳೆದು ನೋಡಿದಳು, ಮುಂದಿನ ಕಂಬದ ಕಡೆ ಕಣ್ಣು ಹಾಯಿಸಿದಳು, ಕೈ ಝಾಡಿಸಿಕೊಂಡು ಎದ್ದಳು.

"ಇವತ್ತಿಗೆ ಸರದಿಲ್ಲ" ಎಂದಳು.